ಹಲ್ಲು ಅಲುಗಿದರೆ ತಿರುಪು ಬಿಗಿದರಂತೆ

ನಾನು ಕ್ಲಾರಿನೆಟ್ಟಿನ ಪಟ್ಟಿ. ಅಂಗಡಿಯವರು ಲಿಗೇಚರ್ ಎನ್ನುತ್ತಾರೆ. ನೀವು ನನ್ನನ್ನು ನೋಡಿರಲಾರಿರಿ; ನೋಡಿದ್ದರೂ ನೋಡಿದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಮದುವೆಯ ಮೆರವಣಿಗೆಯಲ್ಲಿ ಕರಿಯ ಕೊಳವೆಯೊಂದನ್ನು ಬಾಯಿಗಿಟ್ಟು ಊದುವವನನ್ನು ನೋಡುತ್ತೀರಿ, ಅವನ ಕೆಂಪು ಕೋಟು ನೋಡುತ್ತೀರಿ, ಬೆರಳ ಕೆಳಗೆ ಕುಣಿಯುವ ಬೆಳ್ಳನೆಯ ಕೀಲಿಗಳನ್ನು ನೋಡುತ್ತೀರಿ. ಅವನ ತುಟಿಯಿಂದ ಒಂದು ಅಂಗುಲ ಕೆಳಗೆ, ಮೌತ್‌ಪೀಸಿನ ಸುತ್ತ ಬಳೆಯ ಹಾಗೆ ಕೂತಿರುವುದು ನಾನು. ನನ್ನ ಕೆಲಸ ಒಂದೇ. ಜೊಂಡಿನಿಂದ ಸೀಳಿ ತೆಗೆದ ರೀಡು ಎಂಬ ತೆಳು ಚಕ್ಕೆಯನ್ನು ಮೌತ್‌ಪೀಸಿಗೆ ಒತ್ತಿ ಹಿಡಿಯುವುದು. ಉಸಿರು ಊದುವವನದು, ನಡುಗುವುದು ರೀಡು, ಹೊಗಳಿಕೆ ಕ್ಲಾರಿನೆಟ್ಟಿಗೆ. ಸ್ವರ ಕೆಟ್ಟಾಗ ಮಾತ್ರ ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಬದುಕೆಲ್ಲ ಇಷ್ಟೇ, ಅವಸರವಿದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಕೂತವರಿಗೆ ಹೇಳುತ್ತೇನೆ. ನಾನು ಹುಟ್ಟಿದ್ದು ಮೀರತ್ತಿನ ಒಂದು ಇಕ್ಕಟ್ಟು ಗಲ್ಲಿಯಲ್ಲಿ. ಹಿತ್ತಾಳೆಯ ಹಾಳೆಯೊಂದನ್ನು ಕತ್ತರಿಸಿ, ಮರದ ಗೂಟಕ್ಕೆ ಸುತ್ತಿ ಬಡಿದು ದುಂಡಗೆ ಮಾಡಿದರು. ಹೊಟ್ಟೆಯ ಮೇಲೆ ಎರಡು ಕಿವಿ ಬೆಸೆದು ಎರಡು ತಿರುಪು ಹಾಕಿದರು. ಮೇಲೆ ನಿಕ್ಕಲ್ ಪಾಲಿಶು. ಬಡಿದವನ ಮುಖ ನೆನಪಿಲ್ಲ, ಬಡಿದದ್ದು ಚೆನ್ನಾಗಿ ನೆನಪಿದೆ.

ನನ್ನ ಮೊದಲ ಯಜಮಾನರು ಒಂದು ಸರ್ಕಸ್ಸಿನ ಬ್ಯಾಂಡಿನಲ್ಲಿದ್ದ ಡೇವಿಡ್ ಮಾಸ್ತರರು. ಊರೂರು ತಿರುಗಿ ನಾಲ್ಕಾರು ಭಾಷೆ ಕಲಿತ, ಯಾರ ಮೇಲೂ ದನಿ ಎತ್ತದ ಮನುಷ್ಯ. ಜೋಕಾಲಿಯವಳು ಒಂದು ಜೋಕಾಲಿ ಬಿಟ್ಟು ಇನ್ನೊಂದನ್ನು ಹಿಡಿಯುವ ತನಕ ಅವರು ಒಂದೇ ಸ್ವರ ಹಿಡಿದು ನಿಲ್ಲಬೇಕಿತ್ತು. ಸ್ವರ ನಡುಗಿದರೆ ಜನರ ಜೀವವೂ ನಡುಗುತ್ತದೆ ಎನ್ನುತ್ತಿದ್ದರು. ಹದಿನಾರು ವರ್ಷ ಅವರ ಜೊತೆಗಿದ್ದೆ, ಒಂದು ದಿನವೂ ನನ್ನನ್ನು ಬೈದವರಲ್ಲ. ತಿರುಪು ಬಿಗಿ ಎನಿಸುವ ತನಕ ತಿರುಗಿಸುತ್ತಿದ್ದರು, ಆಮೇಲೆ ಅರ್ಧ ಸುತ್ತು ಸಡಿಲ ಬಿಡುತ್ತಿದ್ದರು. ಅಂಥವರ ಕೈಯಲ್ಲಿ ಬದುಕು ಶುರುವಾದದ್ದೇ ನನಗೆ ಕೆಟ್ಟದ್ದಾಯಿತು. ಎಲ್ಲರೂ ಹಾಗೇ ಇರುತ್ತಾರೆ ಅಂದುಕೊಂಡುಬಿಟ್ಟೆ.

ಗದಗಿನಲ್ಲಿ ಡೇರೆ ಹಾಕಿದ್ದಾಗ ಸರ್ಕಸ್ಸು ಮುಚ್ಚಿತು. ಅಷ್ಟೂ ದಿನ ಆಟಕ್ಕೆ ಬಂದು, ಆನೆ ನೋಡುವುದು ಬಿಟ್ಟು ಬ್ಯಾಂಡಿನ ಎದುರೇ ಕೂರುತ್ತಿದ್ದವನೊಬ್ಬನಿದ್ದ. ಬೆಟಗೇರಿಯ ಯಮನಪ್ಪ ಭಜಂತ್ರಿ. ಇಪ್ಪತ್ತೆರಡು ವರ್ಷ, ಆಗ ತಾನೆ ಮದುವೆಯಾಗಿದ್ದ, ತಂದೆ ಫಕೀರಪ್ಪ ಊರಿಗೆಲ್ಲ ಹೆಸರಾದ ಸನಾದಿಯವರು. ಮಗನಿಗೆ ಮಾತ್ರ ಸನಾದಿ ಹಳೆಯ ಕಾಲದ್ದು, ಕ್ಲಾರಿನೆಟ್ಟೇ ದೊಡ್ಡದು. ಡೇವಿಡ್ ಮಾಸ್ತರರು ವಾದ್ಯವನ್ನು ಅವನ ಕೈಗಿಟ್ಟು, ನನ್ನ ಮೇಲೆ ಬೆರಳಿಟ್ಟು ಹೇಳಿದರು:

"ತಮ್ಮಾ, ಇದನ್ನ ಕೂಸಿನ ಕೈ ಹಿಡದಂಗ ಹಿಡೀಬೇಕು. ಬಿಟ್ಟರ ಬೀಳತೈತಿ, ಹಿಚಿಕಿದ್ರ ಅಳತೈತಿ. ಅರ್ಧ ಸುತ್ತು ಸಡ್ಲ ಬಿಡು."

"ಬಿಡ್ತೀನ್ರಿ ಮಾಸ್ತರ" ಎಂದ ಯಮನಪ್ಪ. ಬಿಟ್ಟನೇ? ಮೊದಲ ಎರಡು ವರ್ಷ ಬಿಟ್ಟ. ಆಮೇಲೆ ಮರೆತ.

ಆದರೂ ಒಳ್ಳೆಯ ವರ್ಷಗಳನ್ನು ಇಲ್ಲವೆನ್ನಬಾರದು. ಯಮನಪ್ಪ ಬಲು ಬೇಗ ಬ್ಯಾಂಡು ಕಟ್ಟಿದ. ಮೂವತ್ತೈದು ವರ್ಷ ಗದಗ ಸೀಮೆಯ ಎಷ್ಟೋ ಮದುವೆಗಳಲ್ಲಿ ನಾವು ಊದಿದೆವು. ಅವನು ಊದುವಾಗ ಮೇಲಿನ ಎರಡು ಮುಂಹಲ್ಲುಗಳನ್ನು ಮೌತ್‌ಪೀಸಿನ ನೆತ್ತಿಯ ಮೇಲೆ ಊರುತ್ತಿದ್ದ. ಊರಿ ಊರಿ ಅಲ್ಲಿ ಎರಡು ಗುಳಿ ಬಿದ್ದವು, ಒರಳಿನ ಹಾಗೆ. ನಾನು ಅದರ ಪಕ್ಕದಲ್ಲೇ ಕೂತವನು. ಆ ಹಲ್ಲುಗಳನ್ನು ಅವನ ಹೆಂಡತಿಗಿಂತ ಚೆನ್ನಾಗಿ ಬಲ್ಲೆ.

ಮಹಾನವಮಿಯ ಆಯುಧಪೂಜೆಯದು ಬೇರೆಯೇ ಗೋಳು. ವಾದ್ಯಗಳನ್ನೆಲ್ಲ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚುತ್ತಾರೆ. ಹಚ್ಚಲಿ, ಭಕ್ತಿ ಬೇಡವೆನ್ನುವುದಿಲ್ಲ. ಆದರೆ ನೀರಲ್ಲಿ ಕಲಸಿದ ಅರಿಶಿನವನ್ನು ನನ್ನ ತಿರುಪಿನ ಹಲ್ಲೊಳಗೇ ಮೆತ್ತಬೇಕೆ? ಮರುದಿನ ಬನ್ನಿ ಕೊಟ್ಟು ಬಂದು ಊದಲು ಹೋದರೆ ತಿರುಪು ಅಲ್ಲಾಡುವುದಿಲ್ಲ. "ದೇವರು ಹಿಡಕೊಂಡಾನ" ಎಂದು ಯಮನಪ್ಪ ಕೈಮುಗಿಯುತ್ತಿದ್ದ. ದೇವರಲ್ಲ ಮಾರಾಯ, ಅರಿಶಿನ.

ಇನ್ನು ಅಸಲು ಕತೆ. ಅದಕ್ಕೆ ಮುಂಚೆ ಆ ಮನೆತನದ ಒಂದು ಪದ್ಧತಿ ಹೇಳಬೇಕು. ಬೇರೆಯವರ ಮದುವೆಯಲ್ಲಿ ಇವರು ಊದುತ್ತಾರೆ. ತಮ್ಮ ಮನೆಯಲ್ಲಿ ಮದುವೆಯಾದರೆ ಬೀಗರ ಬ್ಯಾಂಡು ಊದುತ್ತದೆ, ಇವರು ಅಕ್ಷತೆ ಹಿಡಿದು ನಿಲ್ಲುತ್ತಾರೆ. ಒಂದು ಹಾಡು ಬಿಟ್ಟು. ಹೆಣ್ಣೊಪ್ಪಿಸುವ ಹಾಡನ್ನು ಮಾತ್ರ ಹುಡುಗಿಯ ತಂದೆಯೇ ಊದಬೇಕು, ಡೊಳ್ಳು ತಾಶೆ ಏನೂ ಇಲ್ಲದೆ, ಒಂಟಿಯಾಗಿ. ಅದು ಮುಗಿದ ಮೇಲೆಯೇ ಹುಡುಗಿ ಹೊಸಿಲು ದಾಟಬೇಕು. ತಂದೆಗೆ ಆಗದಿದ್ದರೆ ಬೀಗರು ಊದುತ್ತಾರೆ. ಹಾಗಾದ ಮನೆಗೆ "ಉಸಿರು ಹ್ವಾದ ಮನಿ" ಎನ್ನುತ್ತಾರೆ, ಮೊಮ್ಮಕ್ಕಳ ಕಾಲದವರೆಗೂ ಎನ್ನುತ್ತಾರೆ.

ಯಮನಪ್ಪನಿಗೆ ಒಬ್ಬಳೇ ಮಗಳು, ಸಾವಂತ್ರಿ. ಬಹಳ ವರ್ಷದ ಮೇಲೆ ಹುಟ್ಟಿದವಳು, ಅಪ್ಪನಿಗೆ ಎದುರು ಮಾತಾಡುವ ಹಕ್ಕು ಆ ಮನೆಯಲ್ಲಿ ಅವಳೊಬ್ಬಳಿಗೇ ಇದ್ದದ್ದು. ಅವಳ ಮದುವೆ ಕೊಪ್ಪಳದ ಕನಕಪ್ಪ ಭಜಂತ್ರಿಯ ಮಗನ ಜೊತೆ ನಿಶ್ಚಯವಾಯಿತು. ಕನಕಪ್ಪನೂ ಕ್ಲಾರಿನೆಟ್ಟಿನವನೇ. ಅವನು ಊದುವುದಕ್ಕಿಂತ ಜಾಸ್ತಿ ತಾನು ಊದಿದ್ದನ್ನು ಹೇಳುತ್ತಾನೆ ಎಂದು ಯಮನಪ್ಪನ ದೂರು. ಮದುವೆಗೆ ಇನ್ನು ಎರಡು ತಿಂಗಳಿತ್ತು. ಯಮನಪ್ಪ ಬೆಳಗಿನ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತು ಆ ಹಾಡಿನ ತಾಲೀಮು ತೆಗೆದ. ಮೂರನೆಯ ಸಾಲಿನಲ್ಲಿ ಎತ್ತರದ ಸ್ವರವೊಂದನ್ನು ಹಿಡಿದು ನಿಲ್ಲಬೇಕು. ಹಿಡಿದ. ಸ್ವರ ಕೀಚೆಂದು ಸೀಳಿತು.

ಅವನು ವಾದ್ಯವನ್ನು ಬಾಯಿಂದ ತೆಗೆದು ನನ್ನನ್ನು ನೋಡಿದ. ಮೂವತ್ತೈದು ವರ್ಷ ಒಂದೇ ಬಾಯಲ್ಲಿ ಉಂಡವರನ್ನು ಹಾಗೆ ನೋಡಬಾರದು.

"ಪಟ್ಟಿ ಸಡ್ಲ ಆಗೇತಿ" ಎಂದ. ಬಿಗಿದ.

ಏನಾಗಿತ್ತೆಂದು ನಾನು ಹೇಳುತ್ತೇನೆ. ಬಲಗಡೆಯ ಮುಂಹಲ್ಲಿನ ಬುಡ ಸಡಿಲಾಗಿತ್ತು. ಅದು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ, ಸಂತೆಗೆ ಬಂದ ಗಿರಾಕಿಯ ಹಾಗೆ ಆಚೆ ಒಮ್ಮೆ ಈಚೆ ಒಮ್ಮೆ ಹೋಗುತ್ತಿತ್ತು. ಹಲ್ಲು ಜಾರಿದರೆ ತುಟಿ ಹೆದರುತ್ತದೆ, ತುಟಿ ಹೆದರಿದರೆ ಸ್ವರ ಸೀಳುತ್ತದೆ. ಅಂಗುಲದ ದೂರದಲ್ಲಿ ಕೂತು ನಾನಿದನ್ನು ಕಣ್ಣಾರೆ ಕಾಣುತ್ತಿದ್ದೆ. ಆದರೆ ಹಿತ್ತಾಳೆಗೆ ಬಾಯಿಲ್ಲ, ಬಾಯಿದ್ದವನಿಗೆ ಬುದ್ಧಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲವನ್ನು ಇಕ್ಕಳ ಹಾಕಿ ತಿರುಚಲಿಲ್ಲ.

ಇವನು ತಿರುಚಿದ. ಕೈಯಲ್ಲಿ ಬಿಗಿದದ್ದು ಸಾಲದೆಂದು ಇಕ್ಕಳ ತಂದ. ನಾನು ಬಿಗಿದಷ್ಟೂ ರೀಡು ಉಸಿರುಗಟ್ಟಿ ಕಟ್ಟಿಗೆಯಾಯಿತು, ಸ್ವರ ಇನ್ನಷ್ಟು ಕೆಟ್ಟಿತು, ಅವನು ಇನ್ನಷ್ಟು ಬಿಗಿದ. ನಾಲ್ಕನೆಯ ದಿನ ನನ್ನ ಮೇಲಿನ ತಿರುಪು ಕಟಕ್ಕೆಂದು ಮುರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ನಾನು.

"ನೋಡು, ಎಂಥಾ ಹಲ್ಕಟ್ ಮಾಲು!" ಎಂದು ನನ್ನನ್ನು ಎತ್ತಿ ಹೆಂಡತಿ ದುರಗವ್ವನಿಗೆ ತೋರಿಸಿದ. ಮೂವತ್ತೈದು ವರ್ಷದ ಮೇಲೆ ನಾನು ಹಲ್ಕಟ್ ಮಾಲಾದೆ.

ಆಮೇಲೆ ಶುರುವಾಯಿತು ಪಟ್ಟಿ ಆರಿಸುವ ಜಾತ್ರೆ. ಹಿತ್ತಲ ಗಿಡ ಮದ್ದಲ್ಲವಲ್ಲ. ಮೊದಲು ಹುಬ್ಬಳ್ಳಿಯ ಅಂಗಡಿಯಿಂದ ಚರ್ಮದ ಪಟ್ಟಿ ಬಂತು. ಮೆತ್ತಗಿನದು, ಮಾತಾಡುವುದೂ ಮೆತ್ತಗೆ. ಒಂದು ವಾರ ಎಂಜಲು ಕುಡಿದು ಉಬ್ಬಿ, ಜಾರಿ ಕೆಳಗೆ ಬಂತು. ಬಳಿಕ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ. ಬಾಯಿಗಿಟ್ಟರೆ ರಬ್ಬರಿನ ನಾತಕ್ಕೆ ಅವನೇ ಉಗುಳಿದ. ಆಮೇಲೆ ಪ್ಲಾಸ್ಟಿಕ್ಕಿನದೊಂದು. ಒಂದೊಂದು ಬಂದಾಗಲೂ ಮೊದಲ ಹತ್ತು ನಿಮಿಷ "ಇದ ನೋಡು ಪಟ್ಟಿ ಅಂದ್ರ!" ಎಂದು ಕುಣಿಯುವುದು, ಮೂರನೆಯ ಸಾಲಿಗೆ ಬಂದ ಕೂಡಲೇ ಕೀಚ್. ಆಗ ಅದಕ್ಕೂ ಬೈಗುಳ. ನಾನು ಕಿಟಕಿಯ ದಂಡೆಯ ಮೇಲೆ, ಮುರಿದ ತಿರುಪಿನ ಜೊತೆ ಧೂಳು ತಿನ್ನುತ್ತಾ ಇದನ್ನೆಲ್ಲ ನೋಡಿದೆ. ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳಲಿ.

ಮದುವೆಗೆ ಹದಿನೈದು ದಿನವಿದ್ದಾಗ ಜವಳಿ ತೆಗೆಯಲು ಕೊಪ್ಪಳದ ಬೀಗರು ಬಂದರು. ಚಹಾ ಆದ ಮೇಲೆ ಕನಕಪ್ಪ ಸುಮ್ಮನಿರದೆ "ಒಂದೆರಡು ಸಾಲು ಕೇಳೂಣ್ರೆಲಾ ಬೀಗರ" ಎಂದ. ಯಮನಪ್ಪ ಊದಿದ. ಮೂರನೆಯ ಸಾಲು, ಕೀಚ್. ಜಗಲಿಯ ಮೇಲಿದ್ದವರೆಲ್ಲ ಚಹಾದ ಬಟ್ಟಲೊಳಗೆ ನೋಡಿದರು. ಕನಕಪ್ಪ ಕಿಸೆಯಿಂದ ಮಕಮಲ್ಲಿನ ಚೀಲ ತೆಗೆದ. ಒಳಗೆ ಬೆಳ್ಳಿ ನೀರು ಕುಡಿಸಿದ ಪಟ್ಟಿ.

"ನಿಮ್ಮ ಪಟ್ಟಿ ಬರೋಬ್ಬರಿ ಇಲ್ರಿ ಬೀಗರ. ಇದನ್ನ ಇಟ್ಕೋರಿ, ನನ್ನ ಕಡೆ ಇನ್ನೊಂದೈತಿ" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. "ಅದೂ ಆಗ್ಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ. ಆ ಹಾಡು ನಾನ ಊದಿ ಬಿಡ್ತೀನಿ. ಹೆಂಗೂ ಹುಡುಗಿ ನಮ್ಮನಿಗೇ ಬರಾಕಿ ಅಲ್ರಿ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದನೋ ಏನೋ. ಯಮನಪ್ಪನ ಮುಖ ಮಾತ್ರ ಸುಟ್ಟ ಬದನೆಕಾಯಿಯಾಯಿತು. ಬೀಗರನ್ನು ಕಳಿಸಿ ಬಂದವನೇ ಆ ಬೆಳ್ಳಿಯ ಪಟ್ಟಿ ಹಾಕಿ ಊದಿದ. ಕೀಚ್. ಮತ್ತೆ ಊದಿದ. ಮತ್ತೆ ಕೀಚ್. ದುರಗವ್ವ ಅಡುಗೆಮನೆಯಿಂದಲೇ "ಸಾಕ್ರಿ, ಉಣ್ಣಾಕ ಬರ್ರಿ" ಎಂದಳು.

ಉಣ್ಣುವಾಗಲೇ ಅದು ಹೊರಬಿದ್ದದ್ದು. ಯಮನಪ್ಪ ಎರಡು ತಿಂಗಳಿಂದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದ. ಹೊಟ್ಟೆ ಉರಿ ಎಂದು ಮನೆಯವರಿಗೆ ಹೇಳಿದ್ದ. ದುರಗವ್ವ ನಂಬಿದ್ದಳು. ಸಾವಂತ್ರಿ ನಂಬಿರಲಿಲ್ಲ. ಅವಳು ಎದ್ದು ಹೋಗಿ ಗಡಿಗೆಯಿಂದ ಒಂದು ಕಟಕ ರೊಟ್ಟಿ ತಂದಳು. ಸಜ್ಜೆಯದು, ಎಳ್ಳು ಹಚ್ಚಿದ್ದು, ಬಿದ್ದರೆ ಹಂಚಿನ ಹಾಗೆ ಸಪ್ಪಳವಾಗುವಂಥದ್ದು. ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ಇದನ್ನ ಮುಂದಿನ ಹಲ್ಲೀಲೆ ಮುರಿ. ಮುರದ್ಯಂದ್ರ ತಪ್ಪು ಪಟ್ಟೀದು."

"ಏನ್ ಹುಚ್ಚಿ ಇದಿಯೇನ? ಊಟ ಮಾಡಾಕ ಬಿಡು."

"ಮುರಿ ಅಂದ್ರ ಮುರಿ. ಪಟ್ಟಿ ಆಯ್ದು ಆಯ್ದು ಒಂದೂವರಿ ತಿಂಗಳ ಕಳದಿ. ಮದವಿ ನಂದೈತಿ, ನಿನ್ನ ಪಟ್ಟೀದಲ್ಲ."

ಕಿಟಕಿಯ ದಂಡೆಯ ಮೇಲೆ ನಾನು, ಭಲೇ ಮಗಳೇ ಎಂದೆ. ಕೇಳುವವರು ಯಾರು.

ಯಮನಪ್ಪ ಹೆಂಡತಿಯ ಕಡೆ ನೋಡಿದ. ದುರಗವ್ವ ನೆಲ ನೋಡುತ್ತಿದ್ದಳು. ಗಂಡಸಾದವನು ಒಂದು ರೊಟ್ಟಿಗೆ ಹೆದರಿದ ಅನ್ನಿಸಿಕೊಳ್ಳಬಾರದೆಂದು ಕಚ್ಚಿದ. ರೊಟ್ಟಿ ಮುರಿಯಲಿಲ್ಲ. ಅವನು ಕೈ ಕೆಳಗಿಳಿಸಿದಾಗ ರೊಟ್ಟಿಯ ಅಂಚಿನಲ್ಲಿ, ಎಳ್ಳಿನ ನಡುವೆ, ಹಲ್ಲು ಸಿಕ್ಕಿಕೊಂಡಿತ್ತು.

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಆಣೆ. ಒಂದೂವರೆ ತಿಂಗಳು ಕಾದ ಗಳಿಗೆ ಅದು, ನಾನು ಹೇಳಿದ್ದೇ ಸರಿಯಾಗಿತ್ತು, ಆದರೆ ಆ ದೊಡ್ಡ ದೇಹದ ಮನುಷ್ಯ ಬಾಯಿಗೆ ಧೋತರದ ಚುಂಗು ಒತ್ತಿಕೊಂಡು ಗೋಡೆಗೆ ಒರಗಿದ್ದು ನೋಡಿ ನನಗೆ ಅಳು ಬಂತು.

"ಗೊತ್ತಿತ್ತು ನನಗ" ಎಂದ. "ದೀಪಾವಳಿ ಮುಂದಿಂದ ಅಳ್ಳಾಡತಿತ್ತು. ಹಲ್ಲು ಅಂದಿದ್ರ ಮುಗೀತಲ್ಲ. ಪಟ್ಟಿ ಆದ್ರ ಬದಲಿ ಮಾಡಬೌದು." ಚುಂಗು ಕೆಳಗಿಳಿಸಿ "ಆ ಹಾಡು ಕನಕಪ್ಪನ ಊದಲಿ ಬಿಡ್ರಿ" ಎಂದ.

ಹೀಗೋ ವಿಷಯ! ಗೊತ್ತಿದ್ದೂ ನನ್ನನ್ನು ಬೈದನಂತೆ! ಬಂದ ಅಳು ಅಲ್ಲಿಗೇ ನಿಂತಿತು.

ಆಗ ದುರಗವ್ವ ತಲೆ ಎತ್ತಿದಳು. ಮೂವತ್ತೈದು ವರ್ಷದಲ್ಲಿ ಅವಳು ಗಂಡನ ಊದುವಿಕೆಯ ಬಗ್ಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

"ನಿಮ್ಮ ತಂಗೀನ ಕಳಿಸೋ ಮುಂದ ಮಾವ ಊದಿದ್ರಲ್ರಿ. ನಾ ಅವತ್ತ ಹೊಸ ಸೊಸಿ. ಅವರ ಬಾಯಾಗ ಒಂದ ಹಲ್ಲರ ಇತ್ತೇನ್ರಿ?"

"ಅದು ಸನಾದಿ. ತುಟಿ ವಾದ್ಯ. ಇದು ಕ್ಲಾರ್ನೆಟ್."

"ವಾದ್ಯ ಬ್ಯಾರೆ ಇರಬೌದು. ಬಾಯಿ ಅದ ಮನೀದಲ್ರಿ?"

ಯಮನಪ್ಪ ಕೈ ತೊಳೆದು ಎದ್ದ. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಕೂತು, ಮೇಲಿನ ತುಟಿಯನ್ನು ಒಳಕ್ಕೆ ಮಡಿಸಿ, ಉಳಿದ ಹಲ್ಲುಗಳನ್ನು ಅದರೊಳಗೆ ಮುಚ್ಚಿ, ತಂದೆ ಸನಾದಿ ಹಿಡಿಯುತ್ತಿದ್ದ ಹಾಗೆ ಹಿಡಿದ. ಬರಿಯ ಗಾಳಿ ಬಂತು. ಎರಡನೆಯ ದಿನವೂ ಗಾಳಿ. ಮೂರನೆಯ ದಿನ ತುಟಿ ಬಾತು ನೀರು ಕುಡಿಯುವುದೂ ಕಷ್ಟವಾಯಿತು. ಐದನೆಯ ದಿನ ಒಂದು ಸ್ವರ ಹೊರಟಿತು, ತೆಳ್ಳಗೆ, ಹಳೆಯದಾಗಿ.

ಆದರೆ ಬೆಳ್ಳಿಯ ಪಟ್ಟಿ ರೀಡನ್ನು ಕಳ್ಳನನ್ನು ಹಿಡಿದಂತೆ ಹಿಡಿಯುತ್ತಿತ್ತು. ತುಟಿಯ ಬಲಕ್ಕೆ ಅಂಥ ರೀಡು ನಡುಗುವುದಿಲ್ಲ. ಹಲ್ಲಿನಿಂದ ಕಚ್ಚುವವನಿಗೆ ಬಿಗಿ ನಡೆಯುತ್ತದೆ, ತುಟಿಯಲ್ಲಿ ಊದುವವನಿಗೆ ಸಡಿಲ ಬೇಕು. ಯಮನಪ್ಪ ಬೆಳ್ಳಿಯದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಕಿಟಕಿಯ ಕಡೆ ತಿರುಗಿದ. ನಾನು ಬೇರೆ ಕಡೆ ನೋಡುತ್ತಿರುವ ಹಾಗೆ ಮಾಡಿದೆ.

"ಸಾವಂತ್ರಿ, ಆ ಹಳೇ ಪಟ್ಟಿ ಕೊಡವಾ ಇಲ್ಲೆ."

ಅವಳು ನನ್ನ ಧೂಳು ಸೆರಗಿನಿಂದ ಒರೆಸಿದಳು. ಮೇಲಿನ ತಿರುಪು ಇಲ್ಲದ ಕಡೆ ಹೂ ಕಟ್ಟುವ ದಾರ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದಳು. ಕೆಳಗಿನ ತಿರುಪನ್ನು ಯಮನಪ್ಪ ತಾನೇ ತಿರುಗಿಸಿದ. ಬಿಗಿಯಾಗುವ ತನಕ. ಆಮೇಲೆ ಅವನ ಬೆರಳು ನಿಂತಿತು, ಏನೋ ನೆನಪಾದವನಂತೆ ಅರ್ಧ ಸುತ್ತು ಹಿಂದಕ್ಕೆ ಬಂತು. ಡೇವಿಡ್ ಮಾಸ್ತರರು ಹೇಳಿದ ಮಾತು ಒಳಗೆ ಹೋಗಲು ಇಷ್ಟು ವರ್ಷ ಬೇಕಾಯಿತು ಆ ತಲೆಗೆ.

ಮದುವೆ ಬೆಟಗೇರಿಯ ಸಮುದಾಯ ಭವನದಲ್ಲಾಯಿತು. ಅಕ್ಷತೆ ಬಿತ್ತು, ಊಟವಾಯಿತು, ಮಧ್ಯಾಹ್ನ ಮೂರಕ್ಕೆ ಕೊಪ್ಪಳದ ಗಾಡಿಗಳು ಬಾಗಿಲಿಗೆ ಬಂದು ನಿಂತವು. ಬೀಗರ ಬ್ಯಾಂಡು ತಾನಾಗಿಯೇ ನಿಂತಿತು. ಯಮನಪ್ಪ ಬಿಳಿಯ ಧೋತರದ ಮೇಲೆ ತನ್ನ ಬ್ಯಾಂಡಿನ ಕೆಂಪು ಕೋಟು ತೊಟ್ಟು ಬಂದ. ಪದ್ಧತಿಯಂತೆ ಮಗಳು ಹೊಸಿಲ ಒಳಗೆ, ತಂದೆ ಹೊಸಿಲ ಹೊರಗೆ. ಕನಕಪ್ಪ ತನ್ನ ವಾದ್ಯವನ್ನು ಕೈಯಲ್ಲೇ ಹಿಡಿದು ಸಿದ್ಧನಾಗಿ ನಿಂತಿದ್ದ. ಇಲ್ಲಿ ಕೀಚೆಂದರೆ ಸಾವಂತ್ರಿಯ ಮೊಮ್ಮಕ್ಕಳೂ ಕೇಳಬೇಕಾದ ಮಾತು.

ಮೊದಲ ಸಾಲು ಬಂತು. ಅದು ಜನ ಕೇಳುತ್ತಿದ್ದ ಯಮನಪ್ಪನ ಸ್ವರವಾಗಿರಲಿಲ್ಲ. ಅರ್ಧ ಉಸಿರು, ಅರ್ಧ ನಾದ. ಗುಂಪಿನಲ್ಲಿದ್ದ ಮುದುಕಿಯೊಬ್ಬಳು "ಅಯ್ಯ, ಫಕೀರಪ್ಪನ ಸನಾದಿ ಬಂತಲ್ಲವಾ" ಎಂದಳು. ಎರಡನೆಯ ಸಾಲು ದಾಟಿತು. ಮೂರನೆಯದರಲ್ಲಿ ಅವನು ಮೇಲೇರಿದ, ಸ್ವರವನ್ನು ಮುಟ್ಟಿದ, ಅದು ಒಂದು ಕ್ಷಣ ಅಲುಗಿತು. ನಾನು ನನ್ನಲ್ಲಿದ್ದ ಒಂದು ತಿರುಪು, ನಾಲ್ಕು ಸುತ್ತು ದಾರ ಎಲ್ಲವನ್ನೂ ಸೇರಿಸಿ ರೀಡನ್ನು ಹಿಡಿದೆ. ಕೂಸಿನ ಕೈ ಹಿಡಿದ ಹಾಗೆಯೇ ಹಿಡಿದೆ. ಸ್ವರ ನಿಂತಿತು. ಜೋಕಾಲಿ ಬಿಟ್ಟವಳು ಇನ್ನೊಂದನ್ನು ಹಿಡಿಯುವಷ್ಟು ಹೊತ್ತು ನಿಂತಿತು. ಸಾವಂತ್ರಿ ಹೊಸಿಲು ದಾಟಿದಳು.

ಯಮನಪ್ಪ ಅಳುತ್ತಲೇ ಊದಿ ಮುಗಿಸಿದ. ಅವನ ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಮೌತ್‌ಪೀಸಿನ ಮೇಲೆ ಹರಿದು ನೇರ ನನ್ನ ಮೈಮೇಲೆ ಬಂದು ನಿಂತಿತು. ಉಪ್ಪುನೀರಿಗೆ ಹಿತ್ತಾಳೆ ಹಸಿರಾಗುತ್ತದೆ. ಆ ಕಲೆ ಇನ್ನೂ ಇದೆ.

ಕನಕಪ್ಪ ತನ್ನ ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಬೀಗರ ಎರಡೂ ಕೈ ಹಿಡಿದ. "ಬೀಗರ, ಗೆದ್ರಿ. ನಮ್ಮ ಬೆಳ್ಳಿ ಪಟ್ಟಿ ಭಾಳ ಚಲೋ ಕುಂತೇತ್ರಿ" ಎಂದ.

"ಇದು ನಂದ ಹಳೇ ಪಟ್ಟಿರಿ" ಎಂದ ಯಮನಪ್ಪ, ನನ್ನ ಮೇಲೆ ಹೆಬ್ಬೆರಳಿಟ್ಟು. "ಇದರದೇನೂ ತಪ್ಪಿದ್ದಿಲ್ಲ. ಹಲ್ಲಿಂದಿತ್ತು."

ಬೈದದ್ದು ನನ್ನನ್ನು, ತಪ್ಪೊಪ್ಪಿಕೊಂಡದ್ದು ಬೀಗರ ಮುಂದೆ. ಇರಲಿ. ಕೇಳಿಸಿತಲ್ಲ, ಅಷ್ಟು ಸಾಕು.

ಈಗ ಯಮನಪ್ಪ ಬ್ಯಾಂಡಿಗೆ ಹೋಗುವುದಿಲ್ಲ. ಉಳಿದ ಹಲ್ಲುಗಳೂ ಒಂದೊಂದಾಗಿ ಹೋಗಿ ಕಟ್ಟಿಸಿದ ಹಲ್ಲು ಬಂದಿವೆ, ಊಟಕ್ಕೆ ಮಾತ್ರ. ನಾನು ಅಡುಗೆಮನೆಯ ಗೋಡೆಯ ಮಾಡದಲ್ಲಿ, ಒಂದು ಹಳೆಯ ತಂಬಾಕಿನ ಡಬ್ಬಿಯಲ್ಲಿದ್ದೇನೆ. ಒಬ್ಬನೇ ಇದ್ದಿದ್ದರೆ ನೆಮ್ಮದಿಯಿತ್ತು. ಆದರೆ ಈ ಮನುಷ್ಯ ಆವತ್ತು ರೊಟ್ಟಿಯಿಂದ ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ಇದೇ ಡಬ್ಬಿಗೆ ಹಾಕಿದ್ದಾನೆ! ಎಸೆಯಲು ಮನಸ್ಸಾಗಲಿಲ್ಲವಂತೆ. ಯಾವುದರ ತಪ್ಪಿಗೆ ನಾನು ಒಂದೂವರೆ ತಿಂಗಳು ಬೈಗುಳ ತಿಂದು ತಿರುಪು ಮುರಿಸಿಕೊಂಡೆನೋ, ಅದರ ಮಗ್ಗುಲಲ್ಲೇ ನನ್ನ ಮುಪ್ಪು. ನಾವು ಮಾತಾಡುವುದಿಲ್ಲ.

ವರ್ಷಕ್ಕೊಮ್ಮೆ ಪಂಚಮಿಗೆ ಸಾವಂತ್ರಿ ತವರಿಗೆ ಬರುತ್ತಾಳೆ. ಉಂಡಿ ತಿಂದು, ಜೋಕಾಲಿ ಆಡಿ, ಮಧ್ಯಾಹ್ನ ಮಾಡದಿಂದ ಡಬ್ಬಿ ಇಳಿಸುತ್ತಾಳೆ. ಕಾಗದದ ಪೊಟ್ಟಣ ಒಳಗೇ ಬಿಟ್ಟು ನನ್ನನ್ನು ತೆಗೆಯುತ್ತಾಳೆ. ಹೊಸ ದಾರ ಸುತ್ತಿ ಅಪ್ಪನ ಕೈಗೆ ಕೊಡುತ್ತಾಳೆ. ಅವನು ಕಟ್ಟಿಸಿದ ಹಲ್ಲು ತೆಗೆದಿಟ್ಟು, ತುಟಿ ಮಡಿಸಿ, ಅದೇ ಹಾಡು ಎತ್ತುತ್ತಾನೆ. ವಯಸ್ಸಾಯಿತು, ಉಸಿರು ಸಾಲದು, ಮೂರನೆಯ ಸಾಲಿಗೆ ಸ್ವರ ಸೀಳುತ್ತದೆ. ಆಗ ವಾದ್ಯವನ್ನು ಬಾಯಿಂದ ತೆಗೆದು, ಹುಬ್ಬು ಗಂಟಿಕ್ಕಿ, ಇಷ್ಟೆಲ್ಲ ಆದ ಮೇಲೂ, ನನ್ನನ್ನೇ ನೋಡುತ್ತಾನೆ.

"ಅಪ್ಪಾ, ಪಟ್ಟಿ ಕಡೆ ನೋಡಬ್ಯಾಡ. ಊದು" ಎನ್ನುತ್ತಾಳೆ ಸಾವಂತ್ರಿ.

ಅವನು ಊದುತ್ತಾನೆ. ನಾನು ಹಿಡಿಯುತ್ತೇನೆ.